ಬಣವೆಯಿಂದ ಟ್ಯಾಂಕಿನವರೆಗೆ: ಭತ್ತದ ಹುಲ್ಲು ಇಂಧನವಾಗುವ ದಾರಿ

(ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನನ್ನ ಕೈಯಲ್ಲಿರುವುದು ಒಂದು ಹಿಡಿ ಭತ್ತದ ಹುಲ್ಲು. ಇಲ್ಲಿಗೆ ಬರುವಾಗ ದಾರಿಯಲ್ಲಿ ಕಟಾವು ಮುಗಿದ ಗದ್ದೆಯೊಂದು ಕಂಡಿತು. ಗಾಡಿ ನಿಲ್ಲಿಸಿ, ಬದುವಿನ ಮೇಲೆ ಕೂತಿದ್ದ ಯಜಮಾನರನ್ನು ಕೇಳಿ ಇದನ್ನು ತಂದೆ. ಅವರು ಹೇಳಿದರು, "ಒಂದ್ ಹಿಡಿ ಯಾಕ್ರಿ, ಒಂದ್ ಲೋಡ್ ಒಯ್ರಿ. ನಾಳೆ ಹೆಂಗೂ ಬೆಂಕಿ ಹಚ್ಚೋದೇ ಐತಿ."

ಆ ಮಾತು ಇಲ್ಲಿಗೆ ಬರುವವರೆಗೂ ತಲೆಯಲ್ಲೇ ಇತ್ತು. ಮೂರು ಕಿಲೋ ಒಣ ಹುಲ್ಲು ಸುಟ್ಟರೆ ಬರುವ ಶಾಖ, ಹತ್ತಿರ ಹತ್ತಿರ ಒಂದು ಕಿಲೋ ಡೀಸೆಲ್ ಸುಟ್ಟಾಗ ಬರುವಷ್ಟೇ ಇರುತ್ತದೆ. ನಾಳೆ ಆ ಗದ್ದೆಯಲ್ಲಿ ಹೊಗೆಯಾಗಿ ಹೋಗುವುದು ಅದೇ. ಆ ಯಜಮಾನರದ್ದೇನೂ ತಪ್ಪಿಲ್ಲ. ಮಷಿನ್ ಕಟಾವಿನ ಹುಲ್ಲು ಕೆಸರಲ್ಲಿ ಹೊರಳಿ ತುಂಡು ತುಂಡಾಗಿರುತ್ತದೆ, ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಎತ್ತಿಸೋಣ ಅಂದರೆ ಕೂಲಿ ಜಾಸ್ತಿ. ಮುಂದಿನ ಬೆಳೆಗೆ ಗದ್ದೆ ಖಾಲಿಯಾಗಬೇಕು. ಕಡ್ಡಿ ಗೀರುವುದು ಅವರಿಗೆ ಉಳಿದಿರುವ ಅಗ್ಗದ ದಾರಿ.

ಈ ಹುಲ್ಲಿನಲ್ಲಿರುವ ಶಾಖವನ್ನು ಲಾರಿಯ ಟ್ಯಾಂಕಿಗೆ ಹಾಕಲು ಏನೇನು ಮಾಡಬೇಕು, ಯಾರು ಯಾರು ಪ್ರಯತ್ನ ಮಾಡಿದ್ದಾರೆ, ಎಲ್ಲಿ ಎಡವಿದ್ದಾರೆ, ಅದನ್ನು ಇವತ್ತು ಹೇಳುತ್ತೇನೆ. ಮೊದಲೇ ಒಂದು ಮಾತು. ಕಾರ್ಖಾನೆಯ ಒಳಗಿನ ರಸಾಯನಶಾಸ್ತ್ರದಲ್ಲಿ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಅಷ್ಟು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾದದ್ದು, ಈ ಕೆಲಸದ ಕಷ್ಟದ ಭಾಗ ಕಾರ್ಖಾನೆಯ ಗೇಟಿನ ಹೊರಗೆ ಇದೆ.

ದ್ರವವೇ ಯಾಕೆ ಬೇಕು ಅಂತ ಕೇಳಬಹುದು. ಸಡಿಲ ಹುಲ್ಲನ್ನು ಒಂದು ಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿಗೆ ತುಂಬಿದರೆ 50 ಕಿಲೋ ಕೂಡ ಹಿಡಿಯುವುದಿಲ್ಲ. ಅದೇ ಡಬ್ಬಿಗೆ ಡೀಸೆಲ್ ಹಾಕಿದರೆ 830 ಕಿಲೋ ಹಿಡಿಯುತ್ತದೆ. ಪಂಪ್, ಪೈಪ್, ಟ್ಯಾಂಕರ್, ಎಂಜಿನ್ ಎಲ್ಲವೂ ನೂರು ವರ್ಷದಿಂದ ದ್ರವಕ್ಕೇ ಹೊಂದಿಕೊಂಡಿವೆ. ಸ್ಕೂಟರು, ಕಾರು ಬ್ಯಾಟರಿಗೆ ಹೋಗುತ್ತಿವೆ, ಹೋಗಲಿ, ಒಳ್ಳೆಯದೇ. ಆದರೆ ವಿಮಾನ, ಹಡಗು, ದೂರದ ಲಾರಿಗಳಿಗೆ ಇನ್ನೂ ಬಹಳ ಕಾಲ ದ್ರವ ಇಂಧನ ಬೇಕೇ ಬೇಕು. ಭಾರತದಿಂದ ಹೊರದೇಶಕ್ಕೆ ಹಾರುವ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇಕಡಾ 1, 2028ಕ್ಕೆ ಶೇಕಡಾ 2ರಷ್ಟು ಜೈವಿಕ ಮೂಲದ್ದು ಸೇರಬೇಕು ಅಂತ ಸರ್ಕಾರ ಈಗಾಗಲೇ ಗುರಿ ಇಟ್ಟುಕೊಂಡಿದೆ.

ನೀವು ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲಿ ಈಗಲೇ ಎಥನಾಲ್ ಇದೆ. 2022ರ ಜೂನ್ ಹೊತ್ತಿಗೆ ದೇಶ ಶೇಕಡಾ 10ರ ಮಿಶ್ರಣ ಮುಟ್ಟಿತು, 2025ರಲ್ಲಿ ಶೇಕಡಾ 20. ಅದರಲ್ಲಿ ಹೆಚ್ಚಿನದು ಬರುವುದು ಕಾಕಂಬಿ, ಕಬ್ಬಿನ ಹಾಲು, ಅಕ್ಕಿ, ಮೆಕ್ಕೆಜೋಳದಿಂದ. ಅಂದರೆ ತಿನ್ನುವ ವಸ್ತುವಿನಿಂದ. 2023ರಲ್ಲಿ ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದಾಗ, ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಆಗ ಡಿಸ್ಟಿಲರಿಗಳು ಮೆಕ್ಕೆಜೋಳದ ಕಡೆ ತಿರುಗಿದವು. ಮೆಕ್ಕೆಜೋಳದ ಬೆಲೆ ಏರಿತು ಅಂತ ಕೋಳಿ ಸಾಕುವವರು ಗೋಳಾಡಿದರು. ಒಂದೇ ಕಾಳಿಗೆ ಕೋಳಿಯೂ ಕಾರೂ ಬಾಯಿ ತೆರೆದು ನಿಂತರೆ ಹೀಗೇ ಆಗುವುದು. ಅದಕ್ಕೇ ಕಾಳು ಬಿಟ್ಟು ದಂಟು, ಹುಲ್ಲು, ಸಿಪ್ಪೆ, ಕಬ್ಬಿನ ರವದಿಯ ಕಡೆ ನೋಡಬೇಕಾಗಿದೆ.

ಈಗ ಈ ಹುಲ್ಲನ್ನು ಹತ್ತಿರದಿಂದ ನೋಡೋಣ. ಮುಂದಿನ ಸಾಲಿನವರು ಒಂದೊಂದು ಎಳೆ ತಗೊಂಡು ಹಲ್ಲಿನಲ್ಲಿ ಕಚ್ಚಿ. ಸಿಹಿ ಬಂತಾ? ಇಲ್ಲ ಅಲ್ವಾ? ಆದರೆ ನಿಮ್ಮ ಬಾಯಲ್ಲಿರುವ ಎಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯಿಂದಲೇ ಆದದ್ದು. ಸಕ್ಕರೆಯ ಕಣಗಳು ಸಾವಿರಾರು ಲೆಕ್ಕದಲ್ಲಿ ಕೈಕೈ ಹಿಡಿದು ಉದ್ದ ಸರಪಳಿಯಾಗಿವೆ. ಅದಕ್ಕೆ ಸೆಲ್ಯುಲೋಸ್ ಅಂತ ಹೆಸರು. ನಿಮ್ಮ ನಾಲಿಗೆಗೆ, ನಿಮ್ಮ ಹೊಟ್ಟೆಗೆ ಆ ಕೈ ಬಿಡಿಸುವುದು ಗೊತ್ತಿಲ್ಲ. ಎಮ್ಮೆಗೆ ಗೊತ್ತು. ಎಮ್ಮೆಗೆ ಅನ್ನುವುದಕ್ಕಿಂತ ಅದರ ಹೊಟ್ಟೆಯಲ್ಲಿ ಬೀಡುಬಿಟ್ಟಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳಿಗೆ ಗೊತ್ತು. ಅದು ಸುಮ್ನೆ ಮಲಗಿ ಮೆಲುಕು ಹಾಕುತ್ತಿರುವಾಗ ನಡೆಯುವುದು ಇದೇ ಕೆಲಸ. ಮೊದಲು ಅರೆಯುವುದು, ನೆನೆಸುವುದು, ಮತ್ತೆ ಅರೆಯುವುದು, ಆಮೇಲೆ ಜೀವಿಗಳಿಗೆ ಬಿಡುವುದು. ಕಾರ್ಖಾನೆಯಲ್ಲಿ ಮಾಡುವುದೂ ಇಷ್ಟೇ, ಈ ಕ್ರಮದಲ್ಲೇ. ಎಮ್ಮೆ ಕರೆಂಟಿಲ್ಲದೆ ಮಾಡುತ್ತದೆ.

ಹಳೆಯ ಕಾಲದ ತಡಿಕೆ ಗೋಡೆ ನೋಡಿದ್ದೀರಾ? ಬಿದಿರ ಸೀಳು ನಿಲ್ಲಿಸಿ, ನಾರಿನಿಂದ ಬಿಗಿದು, ಮೇಲೆ ಮಣ್ಣು ಸಗಣಿ ಮೆತ್ತುತ್ತಿದ್ದರು. ಹುಲ್ಲಿನ ಕಡ್ಡಿಯೂ ಅಂಥದ್ದೇ ಗೋಡೆ. ಬಿದಿರ ಸೀಳಿನ ಜಾಗದಲ್ಲಿ ಸೆಲ್ಯುಲೋಸ್. ನಾರಿನ ಜಾಗದಲ್ಲಿ ಹೆಮಿಸೆಲ್ಯುಲೋಸ್, ಇದೂ ಸಕ್ಕರೆಯೇ, ಆದರೆ ಬೇರೆ ಜಾತಿಯದು. ಮೆತ್ತಿದ ಮಣ್ಣಿನ ಜಾಗದಲ್ಲಿ ಲಿಗ್ನಿನ್. ಗಿಡ ನೆಟ್ಟಗೆ ನಿಲ್ಲುವುದು, ಮಳೆಗೆ ಕರಗದೆ ಇರುವುದು, ಹುಳಕ್ಕೆ ಸುಲಭವಾಗಿ ಬಗ್ಗದೆ ಇರುವುದು ಈ ಗೋಡೆಯಿಂದ. ಭತ್ತದ ಹುಲ್ಲಿನಲ್ಲಿ ಇದರ ಜೊತೆಗೆ ಮರಳಿನ ಅಂಶ, ಅಂದರೆ ಸಿಲಿಕಾ, ಬಹಳ. ಹುಲ್ಲು ಎತ್ತುವಾಗ ಅಂಗೈ ತರಚುವುದು ಅದಕ್ಕೇ. ಈ ತರಚುವ ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಗೋಡೆ ಒಡೆಯಬಹುದು ಅನ್ನುವುದು ಹೊಸ ಸುದ್ದಿಯೇನಲ್ಲ. 1819ರಲ್ಲಿ ಫ್ರಾನ್ಸಿನ ಆನ್ರಿ ಬ್ರಕೊನೊ ಎಂಬ ರಸಾಯನಶಾಸ್ತ್ರಜ್ಞ ಹಳೆಯ ನಾರುಬಟ್ಟೆಯ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಸಕ್ಕರೆ ಮಾಡಿ ತೋರಿಸಿದ. ಇನ್ನೂರು ವರ್ಷ ಆಯಿತು. ಎರಡೂ ಮಹಾಯುದ್ಧಗಳ ಕಾಲದಲ್ಲಿ ಮರದ ಹೊಟ್ಟಿನಿಂದ ಆಮ್ಲ ಹಾಕಿ ಆಲ್ಕೋಹಾಲ್ ತೆಗೆದ ದೇಶಗಳಿವೆ. ಯುದ್ಧ ಮುಗಿದು ಪೆಟ್ರೋಲ್ ಅಗ್ಗವಾದ ಕೂಡಲೇ ಅವುಗಳಲ್ಲಿ ಬಹಳಷ್ಟು ಮುಚ್ಚಿದವು.

ಆಮ್ಲದ ಬದಲು ಜೀವಿಗಳ ಕೈಯಲ್ಲಿ ಈ ಕೆಲಸ ಮಾಡಿಸುವ ಕಥೆ ಎರಡನೇ ಮಹಾಯುದ್ಧದಲ್ಲಿ ಶುರುವಾಯಿತು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ನನಗೆ ತುಂಬ ಇಷ್ಟದ ಕಥೆ. ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟಿತ್ತು. ಬಿಸಿಲು, ಮಳೆ, ಧಗೆ. ಹೊಸ ಡೇರೆಗಳು, ಬಟ್ಟೆ, ಪಟ್ಟಿಗಳು ನೋಡುನೋಡುತ್ತಲೇ ಕೊಳೆತು ಹರಿಯುತ್ತಿದ್ದವು. ಹತ್ತಿಬಟ್ಟೆ ಅಂದರೆ ಶುದ್ಧ ಸೆಲ್ಯುಲೋಸ್. ಅದನ್ನು ಯಾವುದೋ ತಿನ್ನುತ್ತಿದೆ. ಕೊಳೆತ ಬಟ್ಟೆಗಳನ್ನು ತರಿಸಿ ನೋಡಿದಾಗ ಒಂದು ಹಸಿರು ಬೂಷ್ಟು ಸಿಕ್ಕಿತು. ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಅಮೆರಿಕದ ನೇಟಿಕ್‌ನಲ್ಲಿದ್ದ ಸೈನ್ಯದ ಪ್ರಯೋಗಾಲಯದಲ್ಲಿ ಅದರ ಬೆನ್ನು ಹತ್ತಿದರು. ಶುರುವಿನಲ್ಲಿ ಅವರಿಗೆ ಬೇಕಾಗಿದ್ದದ್ದು ಬಟ್ಟೆ ಉಳಿಸುವ ಉಪಾಯ. ಆಮೇಲೆ ಪ್ರಶ್ನೆ ತಿರುಗಿತು. ಇದು ಇಷ್ಟು ಚೆನ್ನಾಗಿ ಸೆಲ್ಯುಲೋಸ್ ಕರಗಿಸುತ್ತದೆ ಅಂದರೆ, ಇದರಿಂದಲೇ ಸಕ್ಕರೆ ಮಾಡಿಸಬಾರದೇಕೆ? ಆ ಬೂಷ್ಟಿಗೆ ಆಮೇಲೆ ರೀಸ್ ಅವರ ಹೆಸರನ್ನೇ ಇಟ್ಟು ಟ್ರೈಕೊಡರ್ಮಾ ರೀಸಿಯೈ ಅಂತ ಕರೆದರು. ಇವತ್ತು ಹುಲ್ಲಿನಿಂದ ಎಥನಾಲ್ ಮಾಡುವ ಕಾರ್ಖಾನೆಗಳು ಬಳಸುವ ಕಿಣ್ವಗಳಲ್ಲಿ, ಅಂದರೆ ಸೆಲ್ಯುಲೋಸಿನ ಸರಪಳಿ ಬಿಡಿಸುವ ಎಂಜೈಮ್‌ಗಳಲ್ಲಿ, ಬಹುಪಾಲು ಆ ಡೇರೆಯ ಬೂಷ್ಟಿನ ಮರಿಮಕ್ಕಳಿಂದ ಬರುತ್ತವೆ. ನಿಮ್ಮಲ್ಲಿ ಕೆಲವರು ಬೇರು ಕೊಳೆ ರೋಗಕ್ಕೆ ಟ್ರೈಕೊಡರ್ಮಾ ಪುಡಿಯನ್ನು ಸಗಣಿ ಗೊಬ್ಬರದ ಜೊತೆ ಕಲಸಿ ಹಾಕುತ್ತೀರಿ ಅಲ್ವಾ? ಅದೇ ಕುಲದ ಅಣ್ಣತಮ್ಮಂದಿರು.

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ನೋಡಬೇಕು ಅಂದರೆ ಹರಿಯಾಣದ ಪಾಣಿಪತ್‌ಗೆ ಹೋಗಬೇಕು. ಅಲ್ಲಿ ಇಂಡಿಯನ್ ಆಯಿಲ್ ಕಟ್ಟಿದ ಕಾರ್ಖಾನೆ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಖರ್ಚು 900 ಕೋಟಿ ರೂಪಾಯಿಗೂ ಮೇಲೆ. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲು ತಗೊಂಡು 3 ಕೋಟಿ ಲೀಟರ್ ಎಥನಾಲ್ ಮಾಡಬೇಕು ಅನ್ನುವುದು ಅದರ ಲೆಕ್ಕ.

ಒಳಗೆ ನಡೆಯುವುದು ಹೀಗೆ. ಹುಲ್ಲನ್ನು ಕತ್ತರಿಸಿ, ಕಲ್ಲು ಮಣ್ಣು ತೆಗೆದು, ತೆಳು ಆಮ್ಲದಲ್ಲಿ ನೆನೆಸಿ, ಒತ್ತಡದ ಹಬೆಯಲ್ಲಿ ಕೆಲವು ನಿಮಿಷ ಬೇಯಿಸಿ, ಒಮ್ಮೆಲೇ ಒತ್ತಡ ಬಿಡುತ್ತಾರೆ. ಕುಕ್ಕರಿನ ಮುಚ್ಚಳ ಹಾರಿದ ಹಾಗೆ ಎಳೆಗಳು ಒಳಗಿನಿಂದ ಸಿಡಿದು ಬಿಡಿಸಿಕೊಳ್ಳುತ್ತವೆ. ಗೋಡೆ ಬಿರುಕು ಬಿಟ್ಟಿತು ಅಂತ ಇಟ್ಟುಕೊಳ್ಳಿ. ಇಲ್ಲಿ ಬಹಳ ನಾಜೂಕು. ಗಾಣದ ಮನೆಯಲ್ಲಿ ಬೆಲ್ಲ ಮಾಡಿದವರಿಗೆ ಗೊತ್ತು, ಪಾಕ ಇಳಿಸುವ ಹದ ಒಂದೇ ಗಳಿಗೆಯದು. ಏರಿದರೆ ಸೀದು ಕಹಿ. ಇಲ್ಲಿಯೂ ಅಷ್ಟೇ. ಶಾಖ ಕಮ್ಮಿಯಾದರೆ ಗೋಡೆ ಬಿಡಿಸುವುದಿಲ್ಲ. ಜಾಸ್ತಿಯಾದರೆ ಹೆಮಿಸೆಲ್ಯುಲೋಸಿನಿಂದ ಬಂದ ಸಕ್ಕರೆ ಸೀದು ಫರ್ಫ್ಯೂರಲ್ ಅನ್ನುವ ವಸ್ತುವಾಗುತ್ತದೆ, ಅದು ಸಕ್ಕರೆಯನ್ನು ಎಥನಾಲ್ ಮಾಡುವ ಯೀಸ್ಟಿಗೆ ವಿಷ.

ಬೆಂದ ಹುಲ್ಲು ಕೆಸರಿನಂತೆ ಕಂದು ಬಣ್ಣದ್ದಾಗಿ ಬರುತ್ತದೆ. ಅದಕ್ಕೆ ಕಿಣ್ವ ಹಾಕಿ ಸುಮಾರು 50 ಡಿಗ್ರಿ ಬೆಚ್ಚಗಿಟ್ಟರೆ ಎರಡು ಮೂರು ದಿನದಲ್ಲಿ ಗಟ್ಟಿ ಇದ್ದದ್ದು ನೀರಾಗುತ್ತದೆ. ನಾನು ಮೊದಲ ಸಲ ಇದನ್ನು ಗಾಜಿನ ಜಾಡಿಯಲ್ಲಿ ನೋಡಿದಾಗ ಕಣ್ಣು ಕೀಳಲಾಗಲಿಲ್ಲ. ಸಂಜೆ ಚಮಚ ನೆಟ್ಟರೆ ನಿಲ್ಲುತ್ತಿತ್ತು, ಬೆಳಗ್ಗೆ ಬಂದು ನೋಡಿದರೆ ಜಾಡಿ ಅಲುಗಿಸಿದರೆ ತುಳುಕುತ್ತಿತ್ತು. ಆಮೇಲೆ ಯೀಸ್ಟ್ ಹಾಕುವುದು, ಹುದುಗು ಬರಿಸುವುದು, ಬಟ್ಟಿ ಇಳಿಸುವುದು. ಅದು ಹಳೆಯ ವಿದ್ಯೆ. ಒಂದೇ ತೊಡಕು, ಮಾಮೂಲಿ ಯೀಸ್ಟು ಹೆಮಿಸೆಲ್ಯುಲೋಸಿನ ಸಕ್ಕರೆಯನ್ನು ಮುಟ್ಟುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಹೋ 1990ರ ದಶಕದಲ್ಲಿ ಯೀಸ್ಟಿಗೆ ಹೊಸ ಜೀನ್ ಸೇರಿಸಿ ಎರಡೂ ಬಗೆಯ ಸಕ್ಕರೆ ತಿನ್ನುವ ತಳಿ ಮಾಡಿದರು. ಅಂಥ ತಳಿ ಇಲ್ಲದೆ ಹೋದರೆ ಸಿಗಬಹುದಾದ ಎಥನಾಲಿನಲ್ಲಿ ಮೂರನೇ ಒಂದು ಭಾಗ ಚರಂಡಿ ಪಾಲು.

ಈಗ ಭಾಗಾಕಾರ ಮಾಡಿ. 3 ಕೋಟಿ ಲೀಟರ್, 2 ಲಕ್ಷ ಟನ್. ಟನ್ನಿಗೆ 150 ಲೀಟರ್. ಒಂದು ಟನ್ ಹುಲ್ಲಿನ ಸಕ್ಕರೆಯೆಲ್ಲ ಎಥನಾಲ್ ಆದರೆ ಕಾಗದದ ಲೆಕ್ಕ 400 ಲೀಟರ್ ದಾಟುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಹುಲ್ಲು ನೀರು, ಮಣ್ಣಾಗಿ ಕಳೆಯಿತು. ಸ್ವಲ್ಪ ಸಕ್ಕರೆ ಸೀದಿತು. ಸ್ವಲ್ಪಕ್ಕೆ ಕಿಣ್ವ ತಲುಪಲಿಲ್ಲ. ಲಿಗ್ನಿನ್ ಬಾಯ್ಲರಿಗೆ ಹೋಗಿ ಹಬೆ ಕೊಟ್ಟಿತು. ಇನ್ನೊಂದು ವಿಷಯ ಮುಚ್ಚಿಡಬಾರದು. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ.

ನಿಮ್ಮ ಎಕರೆಗೆ ಇದನ್ನು ತಂದರೆ? 75 ಕಿಲೋದ ಚೀಲದಲ್ಲಿ ಎಕರೆಗೆ 35 ಚೀಲ ಅಂತ ಹಿಡಿಯಿರಿ, 2,600 ಕಿಲೋ ಭತ್ತ. ಹುಲ್ಲೂ ಹತ್ತಿರ ಹತ್ತಿರ ಅಷ್ಟೇ ಅಥವಾ ಸ್ವಲ್ಪ ಹೆಚ್ಚು. ಕೂಳೆ ಬಿಟ್ಟು ಎತ್ತಲು ಸಿಗುವುದು ಅರ್ಧ. 1,300 ಕಿಲೋಗೆ ಸುಮಾರು 200 ಲೀಟರ್ ಎಥನಾಲ್, 130 ಲೀಟರ್ ಪೆಟ್ರೋಲಿನಷ್ಟು ಶಕ್ತಿ. ನಿಮ್ಮ ಎಕರೆಯ ಉಳುಮೆ, ಕಟಾವಿಗೆ ಹಿಡಿಯುವ ಡೀಸೆಲ್ ಎಷ್ಟು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಹೋಲಿಸಿ ನೋಡಿ.

ಸಕ್ಕರೆಯ ದಾರಿ ಬಿಟ್ಟು ಬರೀ ಶಾಖದ ದಾರಿಯೂ ಇದೆ. ಇಲ್ಲಿ ಹಿರಿಯರು ಇದ್ದೀರಿ, ನಿಮ್ಮ ಅಪ್ಪ ಅಜ್ಜಂದಿರು ಇದ್ದಿಲು ಬಸ್ಸಿನ ಕಥೆ ಹೇಳಿರಬಹುದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ದೊಡ್ಡ ಡ್ರಮ್ ಕಟ್ಟಿ, ಇದ್ದಿಲು ಹಾಕಿ, ಹ್ಯಾಂಡಲ್ ತಿರುಗಿಸಿ ಗಾಳಿ ಊದಿ ಉರಿ ಎಬ್ಬಿಸುತ್ತಿದ್ದರು. ಸಾಕಷ್ಟು ಗಾಳಿ ಕೊಡದೆ ಸುಟ್ಟಾಗ ಹೊರಡುವ ಅನಿಲದಿಂದ ಎಂಜಿನ್ ಓಡುತ್ತಿತ್ತು. ನಮ್ಮ ಅಜ್ಜ ಹೇಳುತ್ತಿದ್ದರು, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತಂತೆ. ಆ ಅನಿಲದಲ್ಲಿ ಇರುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್. 1925ರ ಹೊತ್ತಿಗೆ ಜರ್ಮನಿಯ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ಇವೆರಡನ್ನು ಕಬ್ಬಿಣ, ಕೋಬಾಲ್ಟಿನ ಪುಡಿಯ ಮೇಲೆ ಹಾಯಿಸಿದರೆ ಡೀಸೆಲ್ಲಿನಂಥ ದ್ರವ ಸಿಗುತ್ತದೆ ಅಂತ ಕಂಡುಹಿಡಿದರು. ದಕ್ಷಿಣ ಆಫ್ರಿಕಾದಲ್ಲಿ 1955ರಿಂದ ಕಲ್ಲಿದ್ದಲಿನಿಂದ ಹೀಗೆ ಇಂಧನ ಮಾಡುತ್ತಿದ್ದಾರೆ. ಕಲ್ಲಿದ್ದಲಿನ ಬದಲು ಹುಲ್ಲು, ದಂಟು ಹಾಕಿದರೂ ಆಗುತ್ತದೆ. ಆದರೆ ಅನಿಲ ಕನ್ನಡಿಯಷ್ಟು ಶುಭ್ರವಾಗಿರಬೇಕು. ಹುಲ್ಲಿನ ಅನಿಲದಲ್ಲಿ ಟಾರು, ಬೂದಿ, ಕ್ಷಾರ ಜಾಸ್ತಿ. ಅದನ್ನು ತೊಳೆಯುವುದಕ್ಕೇ ಅರ್ಧ ಕಾರ್ಖಾನೆ ಬೇಕು.

ಇನ್ನೊಂದು ಬಗೆ, ಗಾಳಿಯೇ ಇಲ್ಲದೆ 500 ಡಿಗ್ರಿಗೆ ಒಂದೆರಡು ಸೆಕೆಂಡು ಕಾಯಿಸಿ ತಕ್ಷಣ ತಣಿಸುವುದು. ಹುಲ್ಲು ಆವಿಯಾಗಿ ಎಣ್ಣೆಯಾಗಿ ಇಳಿಯುತ್ತದೆ. ಈ ಶೀಶೆಯಲ್ಲಿ ಇರುವುದು ಅದೇ. ಮುಚ್ಚಳ ತೆಗೆದು ಮೂಸಿ ನೋಡಿ. ಅಡುಗೆಮನೆಯ ಅಟ್ಟದ ವಾಸನೆ, ಹೊಗೆ ಕುಡಿದ ಜಂತೆಯ ವಾಸನೆ ಬರುತ್ತದೆ ಅಲ್ವಾ? ನೋಡಲು ಕಾಫಿ ಡಿಕಾಕ್ಷನ್ ಹಾಗೆ. ಆದರೆ ಇದನ್ನು ಎಂಜಿನ್ನಿಗೆ ಹಾಕಬೇಡಿ. ಹುಣಸೆ ರಸದಷ್ಟು ಹುಳಿ, ಕಬ್ಬಿಣ ತಿನ್ನುತ್ತದೆ. ನಾಲ್ಕನೇ ಒಂದು ಪಾಲು ನೀರೇ. ಆರು ತಿಂಗಳು ಇಟ್ಟರೆ ಗಟ್ಟಿಯಾಗುತ್ತದೆ. ಹೈಡ್ರೋಜನ್ ಹಾಕಿ ಇದರ ಆಮ್ಲಜನಕ ತೆಗೆದರೆ ಮಾತ್ರ ಪೆಟ್ರೋಲು, ಡೀಸೆಲ್ಲು. ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಕಿಯೋರ್ ಎಂಬ ಕಂಪನಿ ಪೈನ್ ಮರದ ಚಕ್ಕೆಯಿಂದ ಇದನ್ನು ಮಾಡುತ್ತೇವೆ ಅಂತ ಆ ರಾಜ್ಯದಿಂದ 7.5 ಕೋಟಿ ಡಾಲರ್ ಸಾಲ ಪಡೆದು ಕಾರ್ಖಾನೆ ಕಟ್ಟಿತು. ಹೇಳಿದಷ್ಟು ಇಳುವರಿ ಬರಲೇ ಇಲ್ಲ. 2014ರ ನವೆಂಬರಿನಲ್ಲಿ ದಿವಾಳಿ.

ಇದೊಂದೇ ಅಲ್ಲ. ಹುಲ್ಲು, ದಂಟಿನಿಂದ ಎಥನಾಲ್ ಮಾಡಲು ಹೊರಟ ದೊಡ್ಡ ದೊಡ್ಡವರೂ ಎಡವಿದ್ದಾರೆ. 2007ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, 2022ರ ಹೊತ್ತಿಗೆ ವರ್ಷಕ್ಕೆ 1,600 ಕೋಟಿ ಗ್ಯಾಲನ್ ಇಂಥ ಇಂಧನ ಬರಬೇಕು ಅಂತ ಬರೆದಿತ್ತು. ಅದರ ಹತ್ತಿರಕ್ಕೂ ಹೋಗಲಿಲ್ಲ. ಕಾನ್ಸಾಸ್ ರಾಜ್ಯದ ಹ್ಯೂಗೊಟನ್‌ನಲ್ಲಿ ಅಬೆಂಗೋವಾ ಕಂಪನಿಯ ಕಾರ್ಖಾನೆ 2014ರಲ್ಲಿ ತೆರೆದು 2015ರ ಕೊನೆಗೆ ನಿಂತಿತು. ಅಯೋವಾದ ನೆವಾಡಾ ಎಂಬ ಊರಿನಲ್ಲಿ ಡುಪಾಂಟ್ 20 ಕೋಟಿ ಡಾಲರಿಗೂ ಮೇಲೆ ಸುರಿದು ಕಟ್ಟಿದ್ದು 2015ರ ಅಕ್ಟೋಬರಿನಲ್ಲಿ ತೆರೆಯಿತು, ಎರಡು ವರ್ಷಕ್ಕೆ ಕೈಬಿಟ್ಟರು. ಅದೇ ಅಯೋವಾದ ಎಮೆಟ್ಸ್‌ಬರ್ಗ್‌ನಲ್ಲಿ ಪೊಯೆಟ್ ಮತ್ತು ಡಿಎಸ್ಎಂ ಸೇರಿ ನಡೆಸಿದ್ದು 2019ರ ಕೊನೆಗೆ ನಿಂತಿತು. ಇಟಲಿಯ ಕ್ರೆಶೆಂಟೀನೊದಲ್ಲೂ, ರೊಮೇನಿಯಾದ ಪೊದಾರಿಯಲ್ಲೂ ಇದೇ ಕಥೆ.

ಡುಪಾಂಟ್ ಅಂದರೆ ರಸಾಯನಶಾಸ್ತ್ರ ಬಾರದವರಲ್ಲ. ಕಿಣ್ವ ಅವರೇ ಮಾಡುತ್ತಿದ್ದರು. ಮತ್ತೆ ಯಾಕೆ ಹೀಗಾಯಿತು? ಕಾರಣ ಹಲವು. ಪೆಟ್ರೋಲ್ ಬೆಲೆ 2014ರ ಕೊನೆಗೆ ಕುಸಿಯಿತು. ಸರ್ಕಾರದ ನೀತಿ ಅತ್ತಿತ್ತ ಹೊಯ್ದಾಡಿತು. ಕಂಪನಿಗಳು ವಿಲೀನವಾಗಿ ಮೇಲಿನವರ ಮನಸ್ಸು ಬದಲಾಯಿತು. ಆದರೆ ಒಳಗೆ ಕೆಲಸ ಮಾಡಿದವರನ್ನು ಕೇಳಿದರೆ ಇನ್ನೊಂದು ಕಾರಣ ಹೇಳುತ್ತಾರೆ. ಮಣ್ಣು. ಹೊಲದಿಂದ ಬರುವ ದಂಟಿನ ಜೊತೆ ಬರುವ ಮಣ್ಣು, ಮರಳು, ಕಲ್ಲು.

ಇದು ನನಗೆ ಕೈಯಾರೆ ಗೊತ್ತು. ನಾನು ಕೆಲಸ ಮಾಡಿದ ಒಂದು ಸಣ್ಣ ಪ್ರಾಯೋಗಿಕ ಘಟಕದಲ್ಲಿ ಹುಲ್ಲನ್ನು ಒಳಗೆ ತಳ್ಳಲು ಒಂದು ತಿರುಪು ಇತ್ತು. ಚಕ್ಕುಲಿ ಒರಳಿನ ತಿರುಪನ್ನು ಮಲಗಿಸಿದ ಹಾಗೆ, ನನ್ನ ತೊಡೆಯಷ್ಟು ದಪ್ಪ. ಒಳ್ಳೆ ಉಕ್ಕು. ಪ್ರಯೋಗಾಲಯದಲ್ಲಿ ತೊಳೆದು ಒಣಗಿಸಿದ ಹುಲ್ಲು ಹಾಕಿ ನೋಡಿದಾಗ ಬೆಣ್ಣೆಯಂತೆ ಓಡಿತ್ತು. ಗದ್ದೆಯಿಂದ ನೇರ ಬಂದ ಪೆಂಡಿ ಹಾಕಿದ ಮೇಲೆ ಮೂರೇ ವಾರಕ್ಕೆ ಅದರ ಅಂಚು ಸವೆದು ಬ್ಲೇಡಿನಂತೆ ತೆಳ್ಳಗಾಯಿತು. ಕೈ ತರಚುವ ಆ ಸಿಲಿಕಾ, ಅದರ ಜೊತೆ ಗದ್ದೆಯ ಮರಳು. ದಿನಕ್ಕೆ ಎರಡು ಸಲ ಅದು ಕಚ್ಚಿಕೊಂಡು ನಿಲ್ಲುತ್ತಿತ್ತು. ಒಳಗೆ 20 ಲಕ್ಷದ ಉಪಕರಣ ಸುಮ್ಮನೆ ಕಾಯುತ್ತಿತ್ತು, ಹೊರಗೆ ನಾವು ಹಾರೆ ಹಿಡಿದು ಹುಲ್ಲು ಕೀಳುತ್ತಿದ್ದೆವು.

ತೂಕದ್ದು ಇನ್ನೊಂದು ಕಥೆ. ನಾವು ವೇಬ್ರಿಡ್ಜಿನ ಚೀಟಿ ನೋಡಿ ದುಡ್ಡು ಕೊಡುತ್ತಿದ್ದೆವು. ಒಮ್ಮೆ ಸಂಶಯ ಬಂದು ಒಂದು ಪೆಂಡಿಯನ್ನು ಪೂರ್ತಿ ಬಿಚ್ಚಿ, ಒಣಗಿಸಿ, ಜಾಡಿಸಿ ತೂಗಿದೆ. ಮೂರನೇ ಒಂದು ಭಾಗ ನೀರು ಮತ್ತು ಮಣ್ಣು. ಮಾರಿದವರು ಮೋಸ ಮಾಡಿರಲಿಲ್ಲ. ಮಳೆಯ ಮಾರನೇ ದಿನ ಕಟ್ಟಿದ ಪೆಂಡಿ ಅದು. ಬೆಲೆ ಹೇಗೆ ಕಟ್ಟಬೇಕು ಅಂತ ಗೊತ್ತಿಲ್ಲದೇ ಇದ್ದದ್ದು ನಮ್ಮ ತಪ್ಪು.

ಅಂಥ ಪೆಂಡಿಗಳನ್ನೇ ನಾವು ಒಂದರ ಮೇಲೊಂದು ಒಟ್ಟಿ ಟಾರ್ಪಾಲಿನ್ ಹೊದಿಸಿದ್ದೆವು. ಹದಿನೈದು ದಿನ ಕಳೆದಿರಬೇಕು. ಬೆಳಗ್ಗೆ ಗೇಟು ದಾಟುವಾಗಲೇ ಸೀದ ಬೆಲ್ಲದ ವಾಸನೆ. ಯಾರೋ ಟಿಫಿನ್ ಮಾಡುತ್ತಿದ್ದಾರೆ ಅಂದುಕೊಂಡೆ. ವಾಚ್‌ಮನ್ ಟಾರ್ಪಾಲಿನ್ ಎತ್ತಿದರು, ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಒದ್ದೆ ಹುಲ್ಲು ಒಳಗೊಳಗೇ ಕಾಯುತ್ತದೆ. ಸೂಕ್ಷ್ಮಜೀವಿಗಳು ಉಸಿರಾಡಿ ಶಾಖ ಬಿಡುತ್ತವೆ, ಆ ಶಾಖ ಹೊರಗೆ ಹೋಗಲು ದಾರಿ ಸಿಗದೆ ಏರುತ್ತಾ ಏರುತ್ತಾ ಕೊನೆಗೆ ತಾನಾಗೇ ಹೊತ್ತಿಕೊಳ್ಳುತ್ತದೆ. ಅವತ್ತು ಟ್ರ್ಯಾಕ್ಟರ್ ತರಿಸಿ ಪೆಂಡಿಗಳನ್ನು ಎಳೆದು ಹರಡಿದೆವು. ಮಧ್ಯದವು ಕಪ್ಪಗೆ ಇದ್ದಿಲಾಗಿದ್ದವು.

ಸಂಜೆ ಊರಿಗೆ ಫೋನ್ ಮಾಡಿ ನಮ್ಮ ಅಜ್ಜಿಗೆ ಇದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಣವೆಗೆ ಕೈ ಹಾಕಿ ನೋಡಲಿಲ್ವೇನೋ?" ನಮ್ಮದು ಭದ್ರಾ ಕಾಲುವೆಯ ಊರು. ಬಣವೆ ಒಟ್ಟಿದ ಮೇಲೆ ಎರಡು ಮೂರು ವಾರ ಅಜ್ಜಿ ದಿನಾ ಬೆಳಗ್ಗೆ ಮೊಣಕೈವರೆಗೆ ಅದರೊಳಗೆ ಕೈ ತೂರಿಸಿ ನೋಡುತ್ತಿದ್ದರು. ಬಿಸಿ ಸಿಕ್ಕರೆ ಆ ಮಗ್ಗುಲು ಬಿಚ್ಚಿ ಗಾಳಿಗೆ ಹಾಕಿಸುತ್ತಿದ್ದರು. ಕೆಳಗೆ ಕಲ್ಲು, ಮುಳ್ಳುಕಂಟಿ ಹಾಸಿ ನೆಲದ ತೇವ ತಾಗದ ಹಾಗೆ, ಹೊರಗಿನ ಎಳೆಗಳೆಲ್ಲ ಕೆಳಮುಖ ಮಾಡಿ ನೀರು ಜಾರಿ ಹೋಗುವ ಹಾಗೆ, ನೆತ್ತಿ ಚೂಪಾಗಿ ಒಟ್ಟಿದ ಬಣವೆಯೊಳಗೆ ಮುಂದಿನ ವರ್ಷದವರೆಗೂ ಹುಲ್ಲು ಬಂಗಾರದ ಬಣ್ಣ ಕೆಡದೆ ಇರುತ್ತಿತ್ತು. ದೊಡ್ಡ ದೊಡ್ಡ ಕಾರ್ಖಾನೆಗಳು ಇನ್ನೂ ಪೂರ್ತಿ ಬಿಡಿಸದೇ ಇರುವ ಲೆಕ್ಕ ಇದು. ನಿಮ್ಮ ಹಿರಿಯರ ಕೈಯಲ್ಲಿ ಇತ್ತು.

ಪಾಣಿಪತ್ತಿನ ಲೆಕ್ಕಕ್ಕೇ ಮರಳಿ ಬನ್ನಿ. ವರ್ಷಕ್ಕೆ 2 ಲಕ್ಷ ಟನ್ ಅಂದರೆ, 330 ದಿನ ಓಡಿದರೆ ದಿನಕ್ಕೆ 600 ಟನ್. ಲಾರಿಗೆ 10 ಟನ್ ಪೆಂಡಿ ಹಿಡಿದರೆ 60 ಲಾರಿ. ಹಗಲು ರಾತ್ರಿ ಬಿಡದೆ 24 ನಿಮಿಷಕ್ಕೊಂದು ಲಾರಿ ಗೇಟಿಗೆ ಬರಬೇಕು. ಆದರೆ ಹುಲ್ಲು ಸಿಗುವುದು ಭತ್ತ ಕೊಯ್ದು ಗೋಧಿ ಬಿತ್ತುವ ನಡುವಿನ ಕೆಲವೇ ವಾರಗಳಲ್ಲಿ. ಆ ಕೆಲವು ವಾರದಲ್ಲಿ ವರ್ಷದ ಹುಲ್ಲೆಲ್ಲ ಎತ್ತಿ, ಒಣಗಿಸಿ, ಕಟ್ಟಿ, ಒಟ್ಟಿ, ಬೆಂಕಿ, ಮಳೆಯಿಂದ ಕಾಯಬೇಕು. ಇಲ್ಲಿ ನಮ್ಮ ಕಷ್ಟ ಇನ್ನೊಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನೀವೆಲ್ಲ ಎಷ್ಟು ದಿನ ನಿದ್ದೆಗೆಟ್ಟಿರಿ ಅಂತ ನಾನು ಹೇಳಬೇಕಿಲ್ಲ. ಎರಡನೇ ಬೆಳೆಗೆ ನೀರು ಬರುತ್ತದೋ ಇಲ್ಲವೋ ಅನ್ನುವುದು ಇಲ್ಲಿ ವರ್ಷ ವರ್ಷದ ಪ್ರಶ್ನೆ. ನೀರಿಲ್ಲದಿದ್ದರೆ ಹುಲ್ಲೂ ಇಲ್ಲ. ಬರೀ ಭತ್ತದ ಹುಲ್ಲನ್ನೇ ನಂಬಿ ಇಲ್ಲಿ ಕಾರ್ಖಾನೆ ಕಟ್ಟಿದರೆ ಅದು ಬರದ ವರ್ಷ ಬೀಗ ಹಾಕುತ್ತದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಮೆಕ್ಕೆಜೋಳದ ದಂಟು, ಯಾವುದು ಬಂದರೂ ಅರಗಿಸಿಕೊಳ್ಳುವ ಹಾಗೆ ಅದನ್ನು ಮೊದಲೇ ಕಟ್ಟಬೇಕು. ಹರಿಹರದ ಬಳಿ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ದಿನಕ್ಕೆ 60 ಸಾವಿರ ಲೀಟರ್ ಎಥನಾಲಿನ ಘಟಕದ ಯೋಜನೆ ಹಾಕಿಕೊಂಡದ್ದು ಸುತ್ತಲ ಮೆಕ್ಕೆಜೋಳ, ಭತ್ತದ ಸೀಮೆ ನೋಡಿಯೇ. ಅಸ್ಸಾಮಿನ ನುಮಾಲಿಗಢದಲ್ಲಿ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಘಟಕ ಬಿದಿರು ಬಳಸುತ್ತದೆ. ಬಿದಿರಿಗೆ ಒಂದು ಅನುಕೂಲ, ಅದನ್ನು ಕೆಲವೇ ವಾರದಲ್ಲಿ ಕಡಿದು ಮುಗಿಸಬೇಕಿಲ್ಲ. ಗಿಡವೇ ಗೋದಾಮು. ಆ ಘಟಕ ಎಥನಾಲ್ ಜೊತೆ ಫರ್ಫ್ಯೂರಲ್, ಅಸಿಟಿಕ್ ಆಮ್ಲವನ್ನೂ ಮಾರುವ ಹಾಗೆ ಕಟ್ಟಿದ್ದಾರೆ. ನಾನು ವಿಷ ಅಂದೆನಲ್ಲ, ಅದೇ ಫರ್ಫ್ಯೂರಲ್.

ಈಗ ನನಗೆ ಬಹಳ ಮುಖ್ಯ ಅನಿಸುವ ಮಾತು. ಇವತ್ತಿನ ಕರೆಯೋಲೆಯಲ್ಲಿ "ಕೃಷಿ ತ್ಯಾಜ್ಯ" ಅಂತ ಅಚ್ಚಾಗಿದೆ. ನನಗೆ ಆ ಪದದ ಬಗ್ಗೆ ತಕರಾರಿದೆ. ರಾಗಿ ಹುಲ್ಲನ್ನು ಯಾರಾದರೂ ತ್ಯಾಜ್ಯ ಅಂದರೆ ಮಂಡ್ಯ, ತುಮಕೂರಿನ ರೈತರು ಬೈಯುತ್ತಾರೆ. ಅಲ್ಲಿ ಅದು ದನದ ಊಟ. ಜೋಳದ ಕಣಕಿಯೂ ಹಾಗೇ. ಬರ ಬಂದ ವರ್ಷ ಸರ್ಕಾರ ಗೋಶಾಲೆ ತೆರೆದು ಮೇವಿಗೆ ಅಲೆಯುತ್ತದೆ. ಅಂಥ ವರ್ಷ ಮೇವಿನ ಸಂತೆಯಲ್ಲಿ ಎಮ್ಮೆಯ ಎದುರು ಎಥನಾಲ್ ಕಾರ್ಖಾನೆ ನಿಂತು ಬೆಲೆ ಕೂಗಬಾರದು. ದನ ತಿನ್ನುವ ಹುಲ್ಲನ್ನು ಬಿಟ್ಟು, ಸುಡುತ್ತಿರುವುದನ್ನು ಮಾತ್ರ ಮುಟ್ಟಬೇಕು. ಈ ಗೆರೆಯನ್ನು ಒಪ್ಪಂದದಲ್ಲೇ ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಎರಡನೆಯದು ಮಣ್ಣು. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಷ್ ಅಂಶ, 40ರಿಂದ 70 ಕಿಲೋ ಸಿಲಿಕಾನ್ (ಸಿಲಿಕಾದಲ್ಲಿರುವ ಮೂಲವಸ್ತು) ಇರುತ್ತದೆ. ಹುಲ್ಲು ಲಾರಿ ಹತ್ತಿದರೆ ಇದೂ ಲಾರಿ ಹತ್ತುತ್ತದೆ. ಸುಟ್ಟರೆ ಸಾರಜನಕ ಹೊಗೆಯಲ್ಲಿ ಹೋದರೂ ಪೊಟ್ಯಾಷ್ ಬೂದಿಯಲ್ಲಿ ಗದ್ದೆಯಲ್ಲೇ ಉಳಿಯುತ್ತದೆ. ಕಾರ್ಖಾನೆಗೆ ಕೊಟ್ಟರೆ ಅದೂ ಹೋಯಿತು. ಮರುವರ್ಷ ಪೊಟ್ಯಾಷ್ ಚೀಲ ಕೊಳ್ಳಬೇಕು, ಅದನ್ನು ನಮ್ಮ ದೇಶ ಹೊರಗಿನಿಂದಲೇ ತರಿಸುತ್ತದೆ. ಆದರೆ ಆ ಪೊಟ್ಯಾಷ್ ಎಥನಾಲಿಗೆ ಬೇಕಿಲ್ಲ. ಕಾರ್ಖಾನೆಯ ಬಾಯ್ಲರಿನ ಬೂದಿಯಲ್ಲಿ, ಬಟ್ಟಿ ಇಳಿಸಿ ಉಳಿದ ನೀರಿನಲ್ಲಿ ಕೂತಿರುತ್ತದೆ. ಹುಲ್ಲು ತಂದ ಲಾರಿ ವಾಪಸ್ ಹೋಗುವಾಗ ಖಾಲಿ ಹೋಗುತ್ತದೆ. ಅದಕ್ಕೆ ಬೂದಿಯನ್ನೋ, ಅದರಿಂದ ಮಾಡಿದ ಗೊಬ್ಬರವನ್ನೋ ತುಂಬಿ ಕಳಿಸಿ ಅಂತ ಕೇಳುವ ಹಕ್ಕು ನಿಮಗಿದೆ.

ಹಿಂದಿನ ಸಾಲಿನಲ್ಲಿ ಕೂತಿರುವ ಅಕ್ಕ ಒಬ್ಬರು ಮೊದಲೇ ಚೀಟಿ ಕಳಿಸಿದ್ದರು. "ಹುಲ್ಲು ಕೊಟ್ಟರ ನಮಗೇನ್ ಸಿಗತೈತಿ?" ಅಂತ ಬರೆದಿದ್ದಾರೆ. ಅಕ್ಕ, ದರ ಎಷ್ಟು ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಅದು ನೀವೂ ಕೊಳ್ಳುವವರೂ ಕೂತು ಮಾಡಬೇಕಾದ ಮಾತು. ಆದರೆ ಹೇಗೆ ಕೂತು ಮಾತಾಡಬೇಕು ಅಂತ ಹೇಳಬಲ್ಲೆ. ಒಬ್ಬೊಬ್ಬರೇ ಹೋಗಬೇಡಿ. ನಿಮ್ಮ ಸ್ತ್ರೀಶಕ್ತಿ ಸಂಘವೋ, ರೈತ ಉತ್ಪಾದಕರ ಕಂಪನಿಯೋ ಸೇರಿ ಪೆಂಡಿ ಕಟ್ಟುವ ಬೇಲರ್ ಯಂತ್ರ ನೀವೇ ಇಟ್ಟುಕೊಳ್ಳಿ. ಒಟ್ಟುವ ಜಾಗವೂ ನಿಮ್ಮ ಊರಿನಲ್ಲೇ ಇರಲಿ. ಆಗ ಹುಲ್ಲು ಮಾರುವ ಬದಲು, ಒಣಗಿಸಿ ಕಾಪಾಡಿದ ಹುಲ್ಲು ಮಾರುತ್ತೀರಿ, ಎರಡಕ್ಕೂ ಬೆಲೆ ಬೇರೆ. ದರವನ್ನು ಒಣ ತೂಕಕ್ಕೇ ಕಟ್ಟಿಸಿ. ಶೇಕಡಾ 12 ತೇವ ಇರುವ ಟನ್ನಿನಲ್ಲಿ 880 ಕಿಲೋ ಒಣ ಹುಲ್ಲು, ಶೇಕಡಾ 30 ತೇವ ಇರುವ ಟನ್ನಿನಲ್ಲಿ 700 ಕಿಲೋ. ಹಸಿ ತೂಕಕ್ಕೆ ದರ ಕಟ್ಟಿದರೆ, ಬಿಸಿಲಿನಲ್ಲಿ ನಿಂತು ಚೆನ್ನಾಗಿ ಒಣಗಿಸಿದವರಿಗೇ ನಷ್ಟ.

ತೇವ ಅಳೆಯುವುದು ಕಷ್ಟವೇನಲ್ಲ. ಹೊರಗೆ ಬೇವಿನ ಮರದ ಕೆಳಗೆ ಎರಡು ಪೆಂಡಿ ಇಡಿಸಿದ್ದೇನೆ. ಒಂದು ಮೊನ್ನೆ ಕಟ್ಟಿದ್ದು, ಇನ್ನೊಂದು ತಿಂಗಳ ಹಿಂದಿನದು. ಅದರ ಪಕ್ಕ ಮೊಳ ಉದ್ದದ ಒಂದು ಸಲಾಕೆ ಇದೆ, ತುದಿಯನ್ನು ಪೆಂಡಿಯ ಹೊಟ್ಟೆಗೆ ಚುಚ್ಚಿದರೆ ಹಿಡಿಕೆಯ ಮೇಲೆ ತೇವದ ಅಂಕಿ ಬರುತ್ತದೆ. ಮೊದಲು ಕೈ ಹಾಕಿ ನೋಡಿ ನಿಮ್ಮ ಅಂದಾಜು ಹೇಳಿ, ಆಮೇಲೆ ಸಲಾಕೆ ಚುಚ್ಚಿ. ಬಣವೆ ಒಟ್ಟಿದ ಕೈಗಳು ಎಷ್ಟು ಹತ್ತಿರ ಹೇಳುತ್ತವೆ ಅಂತ ನೋಡುವ ಆಸೆ ನನಗೆ.